ಎಲ್ಲ ಟೇಬಲ್‌ಗಳ ಸಾಲು ಎಣಿಸಬೇಕು: ಪಕ್ಕಾ ಲೆಕ್ಕವೋ, ಅಂದಾಜೋ?

"ಡೇಟಾಬೇಸ್‌ನಲ್ಲಿರೋ ಎಲ್ಲ ಟೇಬಲ್‌ಗಳ ರೋ ಕೌಂಟ್ ಕಳಿಸಿ." ಡೇಟಾಬೇಸ್ ನೋಡಿಕೊಳ್ಳುವ ಯಾರಿಗೂ ಈ ಮಾತು ಹೊಸದಲ್ಲ. ಕೇಳುವವರ ಲೆಕ್ಕದಲ್ಲಿ ಇದು ಎರಡು ನಿಮಿಷದ ಕೆಲಸ. ಹತ್ತು ಟೇಬಲ್ ಇದ್ದರೆ ನಿಜಕ್ಕೂ ಅಷ್ಟೇ. ಆದರೆ ಇನ್ನೂರು ಟೇಬಲ್ ಇದ್ದು, ಅದರಲ್ಲಿ ನಾಲ್ಕೈದರಲ್ಲಿ ಕೋಟಿಗಟ್ಟಲೆ ಸಾಲುಗಳಿದ್ದರೆ ಹಾಗಲ್ಲ. ಒಂದೊಂದಕ್ಕೂ ಕೌಂಟ್(*), ಅಂದರೆ ಸಾಲು ಎಣಿಸುವ ಎಸ್‌ಕ್ಯೂಎಲ್ ಆದೇಶ, ಹಾಕುತ್ತಾ ಹೋದರೆ ಸರ್ವರ್ ಉಸಿರುಗಟ್ಟುತ್ತದೆ. ಸಿಸ್ಟಂ ಕ್ಯಾಟಲಾಗ್‌ನಿಂದ (ಟೇಬಲ್‌ಗಳ ವಿವರವನ್ನು ಡೇಟಾಬೇಸ್ ತಾನೇ ಬರೆದಿಟ್ಟುಕೊಳ್ಳುವ ಜಾಗ) ಸಿದ್ಧ ಸಂಖ್ಯೆ ಎತ್ತಿಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ, ಆದರೆ ಅದು ಅಂದಾಜು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಸಲ ಅಂದಾಜೇ ಸಾಕು. ಪಕ್ಕಾ ಲೆಕ್ಕ ಬೇಕಾಗುವ ಸಂದರ್ಭಗಳು ಕಡಿಮೆ. ಆದರೆ ಅಲ್ಲಿ ಅಂದಾಜು ಕೊಟ್ಟರೆ ದೊಡ್ಡ ತಪ್ಪಾಗುತ್ತದೆ. ಹಾಗಾಗಿ ಕ್ವೆರಿ ಬರೆಯುವ ಮೊದಲು ಒಂದು ಮಾತು ಕೇಳಿ: ಈ ಸಂಖ್ಯೆ ಯಾಕೆ ಬೇಕು?

ಯಾವ ಟೇಬಲ್ ಬೆಳೆಯುತ್ತಿದೆ, ಡಿಸ್ಕ್ ಯಾವಾಗ ತುಂಬಬಹುದು, ಯಾವ ಲಾಗ್ ಟೇಬಲ್ ಖಾಲಿ ಮಾಡಬೇಕು — ಇವಕ್ಕೆಲ್ಲ ಅಂದಾಜು ಧಾರಾಳ ಸಾಕು. ಆರ್ಡರ್ ಟೇಬಲ್‌ನಲ್ಲಿ 4 ಕೋಟಿ ಇದೆಯೋ 4.1 ಕೋಟಿ ಇದೆಯೋ ಎಂಬುದರಿಂದ ನಿಮ್ಮ ತೀರ್ಮಾನ ಬದಲಾಗುವುದಿಲ್ಲ. ಹಳೇ ಸರ್ವರ್‌ನಿಂದ ಹೊಸದಕ್ಕೆ ಡೇಟಾ ಸಾಗಿಸಿ, "ಎಲ್ಲಾ ಬಂದಿದೆಯಾ?" ಎಂದು ನೋಡುವಾಗ ಮಾತ್ರ ಒಂದು ಸಾಲು ವ್ಯತ್ಯಾಸ ಬಂದರೂ ಹುಡುಕಲೇಬೇಕು. ಆಡಿಟ್‌ಗೆ ಕೊಡುವ ಸಂಖ್ಯೆಯೂ ಹಾಗೆಯೇ. ಯಾವ ಟೇಬಲ್ ಪೂರ್ತಿ ಖಾಲಿ ಎಂದು ತಿಳಿದು ತೆಗೆದುಹಾಕುವುದಿದ್ದರೂ ಅಂದಾಜನ್ನು ನಂಬಬೇಡಿ. ಅಂದಾಜಿನಲ್ಲಿ ಸೊನ್ನೆ ಎಂದರೆ ಖಾಲಿ ಎಂದಲ್ಲ. ಇದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪೋಸ್ಟ್‌ಗ್ರೆಸ್: ಒಂದೇ ಪ್ರಶ್ನೆಗೆ ನಾಲ್ಕು ಉತ್ತರ

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಿಂದ ಶುರು ಮಾಡೋಣ. ಆಯ್ಕೆಗಳು ಜಾಸ್ತಿ ಇರುವುದು ಇಲ್ಲೇ, ಗೊಂದಲವೂ ಇಲ್ಲೇ ಜಾಸ್ತಿ.

ಕೌಂಟ್(*) ನಿಧಾನ ಯಾಕೆ? ಒಂದು ಸಾಲನ್ನು ನೀವು ಅಳಿಸಿದ ಕೂಡಲೇ ಪೋಸ್ಟ್‌ಗ್ರೆಸ್ ಅದನ್ನು ಫೈಲ್‌ನಿಂದ ತೆಗೆಯುವುದಿಲ್ಲ. ನಿಮ್ಮ ಟ್ರಾನ್ಸಾಕ್ಷನ್‌ಗಿಂತ (ಒಟ್ಟಾಗಿ ನಡೆಯುವ ಕೆಲಸಗಳ ಕಟ್ಟು) ಮೊದಲು ಶುರುವಾದವರಿಗೆ ಆ ಸಾಲು ಇನ್ನೂ ಕಾಣಬೇಕಲ್ಲ. ಹಾಗಾಗಿ ಒಂದೇ ಹೊತ್ತಿನಲ್ಲಿ ಇಬ್ಬರು ಎಣಿಸಿದರೆ ಇಬ್ಬರಿಗೂ ಬೇರೆ ಬೇರೆ ಉತ್ತರ ಬರಬಹುದು, ಎರಡೂ ಸರಿಯೇ. ಎಲ್ಲರಿಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲದಿರುವಾಗ ಅದನ್ನು ಎಲ್ಲಿ ಬರೆದಿಡುವುದು? ಪ್ರತಿ ಸಲವೂ "ಈ ಸಾಲು ನನಗೆ ಕಾಣುತ್ತದೆಯಾ" ಎಂದು ಒಂದೊಂದಾಗಿ ನೋಡಲೇಬೇಕು. 2012ರಲ್ಲಿ ಬಂದ 9.2 ಆವೃತ್ತಿಯಿಂದ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಮಾತ್ರ ಓದಿ ಎಣಿಸುವ ಅನುಕೂಲ ಬಂತು. 2016ರ 9.6ರಿಂದ ಹಲವು ವರ್ಕರ್‌ಗಳು ಒಟ್ಟಿಗೆ ಓದುವುದು ಸಾಧ್ಯವಾಯಿತು. ಆದರೆ ಇಂಡೆಕ್ಸ್ ಓದಿ ಎಣಿಸುವುದು ಬೇಗ ಮುಗಿಯಬೇಕೆಂದರೆ ಆ ಟೇಬಲ್‌ಗೆ ಇತ್ತೀಚೆಗೆ ವ್ಯಾಕ್ಯೂಮ್, ಅಂದರೆ ಅಳಿಸಿದ ಸಾಲುಗಳ ಕಸ ಗುಡಿಸುವ ಕೆಲಸ, ಆಗಿರಬೇಕು. ಈಗಷ್ಟೇ ಲಕ್ಷಗಟ್ಟಲೆ ಸಾಲು ತುಂಬಿದ ಟೇಬಲ್‌ನಲ್ಲಿ ಆ ಲಾಭ ಸಿಗುವುದಿಲ್ಲ.

ಇನ್ನು ಅಂದಾಜುಗಳು. ಮೊದಲನೆಯದು ಪಿಜಿ_ಕ್ಲಾಸ್ ಕ್ಯಾಟಲಾಗ್‌ನಲ್ಲಿರುವ ರೆಲ್‌ಟ್ಯೂಪಲ್ಸ್. ವ್ಯಾಕ್ಯೂಮ್, ಅನಲೈಜ್ ಅಥವಾ ಹೊಸ ಇಂಡೆಕ್ಸ್ ಕಟ್ಟುವ ಹೊತ್ತಿನಲ್ಲಿ ಈ ಸಂಖ್ಯೆ ಹೊಸದಾಗುತ್ತದೆ. ಅನಲೈಜ್ ಎಂದರೆ ಟೇಬಲ್‌ನ ಅಂಕಿಅಂಶ ತಾಜಾ ಮಾಡುವ ಆದೇಶ, ಅದು ಪೂರ್ತಿ ಟೇಬಲ್ ಓದುವುದಿಲ್ಲ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಸುಮಾರು 30,000 ಸಾಲುಗಳ ಮಾದರಿ ತೆಗೆದುಕೊಂಡು ಉಳಿದದ್ದನ್ನು ಅದರಿಂದ ಊಹಿಸುತ್ತದೆ. ಮಲೆನಾಡಿನಲ್ಲಿ ಅಡಿಕೆ ಚೇಣಿ ಹಿಡಿಯುವವರು ತೋಟ ಸುತ್ತಿ, ಗೊನೆ ನೋಡಿ ಫಸಲು ಹೇಳುತ್ತಾರಲ್ಲ, ಅದೇ ಥರ. ಅನುಭವಿಗಳ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ, ಆದರೆ ಒಂದೊಂದು ಅಡಿಕೆಯ ಲೆಕ್ಕ ಅಲ್ಲ.

ಎರಡನೆಯದು ಪಿಜಿ_ಸ್ಟ್ಯಾಟ್_ಯೂಸರ್_ಟೇಬಲ್ಸ್ ಎಂಬ ವ್ಯೂನಲ್ಲಿರುವ (ಟೇಬಲ್‌ನಂತೆ ಕಂಡರೂ ಕ್ವೆರಿಯಿಂದ ಮೂಡುವ ಪಟ್ಟಿ) ಎನ್_ಲೈವ್_ಟಪ್. ಇದು ಇನ್ಸರ್ಟ್, ಡಿಲೀಟ್ ನಡೆದ ಹಾಗೆಲ್ಲ ಜೊತೆಜೊತೆಗೆ ಬದಲಾಗುತ್ತಾ ಹೋಗುತ್ತದೆ. ಹಾಗಾಗಿ ರೆಲ್‌ಟ್ಯೂಪಲ್ಸ್‌ಗಿಂತ ತಾಜಾ. ಬಹಳ ಜನ ಇದನ್ನೇ ಬಳಸುತ್ತಾರೆ, ನಾನೂ ದಿನದ ಕೆಲಸಕ್ಕೆ ಇದನ್ನೇ ನೋಡುತ್ತೇನೆ. ಆದರೆ ಎರಡು ಕಡೆ ಇದು ಪೂರ್ತಿ ಕೈಕೊಡುತ್ತದೆ. ಸರ್ವರ್ ಕ್ರ್ಯಾಶ್ ಆಗಿ ಎದ್ದರೆ ಈ ಲೆಕ್ಕವೆಲ್ಲ ಅಳಿಸಿಹೋಗಿ ಸೊನ್ನೆಯಿಂದ ಶುರುವಾಗುತ್ತದೆ. ಮತ್ತೆ ಅನಲೈಜ್ ಆಗುವವರೆಗೆ ಕೋಟಿ ಸಾಲಿನ ಟೇಬಲ್ ಕೂಡ ಖಾಲಿಯಂತೆ ಕಾಣಬಹುದು. ಇನ್ನೊಂದು, ರೆಪ್ಲಿಕಾ ಸರ್ವರ್, ಅಂದರೆ ಮುಖ್ಯ ಸರ್ವರ್‌ನ (ಪ್ರೈಮರಿಯ) ಪ್ರತಿ. ಈ ಸಂಖ್ಯೆಗಳು ಪ್ರೈಮರಿಯಿಂದ ರೆಪ್ಲಿಕಾಗೆ ಹೋಗುವುದಿಲ್ಲ. "ಪ್ರೊಡಕ್ಷನ್‌ಗೆ ತೊಂದರೆ ಬೇಡ, ರೆಪ್ಲಿಕಾದಲ್ಲಿ ನೋಡೋಣ" ಎಂದು ಹೋದವರಿಗೆ ಎಲ್ಲ ಟೇಬಲ್‌ಗೂ ಸೊನ್ನೆ ಸಿಕ್ಕಿ ಎದೆ ಝಲ್ ಎನ್ನುವುದು ಇದಕ್ಕೇ. ರೆಪ್ಲಿಕಾದಲ್ಲಿ ಅಂದಾಜು ಬೇಕಿದ್ದರೆ ರೆಲ್‌ಟ್ಯೂಪಲ್ಸ್ ನೋಡಿ. ಅದು ಕ್ಯಾಟಲಾಗ್‌ನಲ್ಲಿರುವುದರಿಂದ ಡೇಟಾದ ಜೊತೆಗೇ ಅಲ್ಲಿಗೂ ಬರುತ್ತದೆ.

ಸೊನ್ನೆಯ ಬಗ್ಗೆ ಇನ್ನೊಂದು ಮಾತು. 2021ರ 14ನೇ ಆವೃತ್ತಿಯಿಂದ, ಒಮ್ಮೆಯೂ ವ್ಯಾಕ್ಯೂಮ್ ಅಥವಾ ಅನಲೈಜ್ ಆಗದ ಟೇಬಲ್‌ಗೆ ರೆಲ್‌ಟ್ಯೂಪಲ್ಸ್ ‑1 ಎಂದು ತೋರಿಸುತ್ತದೆ. ಅಂದರೆ "ನನಗೆ ಗೊತ್ತಿಲ್ಲ" ಎಂದು ನೇರವಾಗಿ ಹೇಳುತ್ತದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಅಲ್ಲಿ ಸೊನ್ನೆಯೇ ಇರುತ್ತಿತ್ತು. ನಿಜಕ್ಕೂ ಖಾಲಿಯೋ, ಇನ್ನೂ ಎಣಿಸಿಲ್ಲವೋ ತಿಳಿಯುತ್ತಿರಲಿಲ್ಲ. ಹಳೇ ಸ್ಕ್ರಿಪ್ಟ್‌ಗಳಲ್ಲಿ ಎಲ್ಲ ಸಂಖ್ಯೆ ಕೂಡಿಸಿ ಒಟ್ಟು ತೆಗೆಯುವುದಿದ್ದರೆ, ಈ ‑1ಗಳೂ ಸೇರಿ ಒಟ್ಟು ತಪ್ಪುತ್ತದೆ, ನೋಡಿಕೊಳ್ಳಿ.

ಮೂರನೆಯ ಅಂದಾಜು ಕಡಿಮೆ ಜನರಿಗೆ ಗೊತ್ತು, ನನಗೆ ತುಂಬಾ ಇಷ್ಟದ್ದು. ಪೋಸ್ಟ್‌ಗ್ರೆಸ್‌ನ ಪ್ಲಾನರ್ (ಕ್ವೆರಿ ಹೇಗೆ ಓಡಿಸಬೇಕೆಂದು ತೀರ್ಮಾನಿಸುವ ಭಾಗ) ಹಳೇ ರೆಲ್‌ಟ್ಯೂಪಲ್ಸ್ ಅನ್ನು ಹಾಗೇ ನಂಬುವುದಿಲ್ಲ. ಹಿಂದಿನ ಸಲ ಒಂದು ಪೇಜ್‌ಗೆ (ಫೈಲ್‌ನ 8,192 ಬೈಟ್‌ಗಳ ತುಂಡು) ಎಷ್ಟು ಸಾಲು ಇತ್ತು ಎಂದು ನೋಡುತ್ತದೆ. ಈಗ ಫೈಲ್ ಎಷ್ಟು ಪೇಜ್ ಇದೆ ಎಂದು ನೋಡಿ ಗುಣಿಸುತ್ತದೆ. ಒಂದು ಉದಾಹರಣೆ. ಪಿಜಿ_ಕ್ಲಾಸ್‌ನಲ್ಲಿ ರೆಲ್‌ಟ್ಯೂಪಲ್ಸ್ 10,00,000, ರೆಲ್‌ಪೇಜಸ್ 20,000 ಇದೆ ಅಂದುಕೊಳ್ಳಿ. ಪೇಜ್‌ಗೆ 50 ಸಾಲು ಆಯಿತು. ಈಗ ಪಿಜಿ_ರಿಲೇಶನ್_ಸೈಜ್ ಕೇಳಿ, ಬಂದ ಬೈಟ್‌ಗಳನ್ನು 8,192ರಿಂದ ಭಾಗಿಸಿದರೆ 24,000 ಪೇಜ್ ಬಂತು ಅನ್ನಿ. 24,000 ಗುಣಿಲೆ 50, ಅಂದರೆ 12,00,000. ಟೇಬಲ್ ಬೆಳೆಯುತ್ತಾ ಇರುವಾಗ ಇದು ರೆಲ್‌ಟ್ಯೂಪಲ್ಸ್‌ಗಿಂತ ಎಷ್ಟೋ ಹತ್ತಿರದ ಉತ್ತರ. ಇದೇ ಲೆಕ್ಕವನ್ನು ಪಿಜಿ_ಕ್ಲಾಸ್‌ನ ಎಲ್ಲ ಸಾಲುಗಳಿಗೂ ಒಂದೇ ಕ್ವೆರಿಯಲ್ಲಿ ಹಾಕಬಹುದು. ರೆಲ್‌ಪೇಜಸ್ ಸೊನ್ನೆ ಇದ್ದಲ್ಲಿ ಭಾಗಾಕಾರ ಮಾಡದಂತೆ ಮಾತ್ರ ನೋಡಿಕೊಳ್ಳಿ. ದೊಡ್ಡ ಮಟ್ಟದಲ್ಲಿ ಡಿಲೀಟ್ ನಡೆದಿದ್ದರೆ ಈ ಲೆಕ್ಕ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಸಾಲು ಹೋದರೂ ಫೈಲ್ ಸಾಮಾನ್ಯವಾಗಿ ಕುಗ್ಗುವುದಿಲ್ಲ.

ಹಾಗಾದರೆ ಪಕ್ಕಾ ಲೆಕ್ಕ ಎಲ್ಲ ಟೇಬಲ್‌ಗೂ ಒಂದೇ ಏಟಿಗೆ ಬೇಕೆಂದರೆ? ಮೂರು ದಾರಿ ಇದೆ. ಪಿಎಲ್/ಪಿಜಿಎಸ್‌ಕ್ಯೂಎಲ್‌ನಲ್ಲಿ ಚಿಕ್ಕ ಫಂಕ್ಷನ್ ಬರೆದು, ಟೇಬಲ್‌ಗಳ ಪಟ್ಟಿಯ ಮೇಲೆ ಲೂಪ್ ಹಾಕಿ, ಪ್ರತಿಯೊಂದಕ್ಕೂ ಎಕ್ಸಿಕ್ಯೂಟ್ ಮಾಡುವುದು ಒಂದು. ಪಿಎಸ್‌ಕ್ಯೂಎಲ್ ಟರ್ಮಿನಲ್‌ನಲ್ಲಿ, ಕ್ವೆರಿಗಳನ್ನೇ ಉತ್ಪಾದಿಸುವ ಒಂದು ಕ್ವೆರಿ ಬರೆದು ಕೊನೆಗೆ \ಜಿಎಕ್ಸೆಕ್ ಹಾಕುವುದು ಇನ್ನೊಂದು. ಇದು 9.6ರಿಂದ ಇದೆ. ಮೂರನೆಯದು ಕ್ವೆರಿ_ಟು_ಎಕ್ಸ್‌ಎಮ್‌ಎಲ್ ಎಂಬ ಫಂಕ್ಷನ್‌ನೊಳಗೆ ಕೌಂಟ್ ಕ್ವೆರಿಯನ್ನು ಪಠ್ಯವಾಗಿ ಕೊಟ್ಟು, ಬಂದ ಎಕ್ಸ್‌ಎಮ್‌ಎಲ್‌ನಿಂದ ಎಕ್ಸ್‌ಪಾಥ್ ಮೂಲಕ ಸಂಖ್ಯೆ ಹೊರತೆಗೆಯುವುದು. ನೋಡಲು ವಿಚಿತ್ರವಾಗಿದ್ದರೂ ಇದರ ಲಾಭ ದೊಡ್ಡದು: ಹೊಸ ಫಂಕ್ಷನ್ ಸೃಷ್ಟಿಸುವ ಅನುಮತಿ ಬೇಡ, ಓದುವ ಅನುಮತಿ ಇದ್ದರೆ ಸಾಕು, ಯಾವ ಟೂಲ್‌ನಲ್ಲಾದರೂ ಓಡುತ್ತದೆ. ಬೇರೆಯವರ ಸರ್ವರ್‌ನಲ್ಲಿ ಕೆಲಸ ಮಾಡುವಾಗ ನಾನು ಇದನ್ನೇ ಆರಿಸುತ್ತೇನೆ. ಸ್ವಂತ ಸರ್ವರ್ ಆದರೆ \ಜಿಎಕ್ಸೆಕ್ ಓದಲು ಸುಲಭ, ಎಲ್ಲಿ ನಿಂತಿತು ಎಂದೂ ಕಣ್ಣಿಗೆ ಕಾಣುತ್ತದೆ.

ಯಾವ ದಾರಿಯಾದರೂ ಟೇಬಲ್ ಹೆಸರನ್ನು ಸುಮ್ನೆ ಅಂಟಿಸಬೇಡಿ. ಫಾರ್ಮ್ಯಾಟ್ ಫಂಕ್ಷನ್‌ನಲ್ಲಿ ಹೆಸರಿಗೆಂದೇ ಇರುವ ಗುರುತು ಬಳಸಿ. ದೊಡ್ಡಕ್ಷರ, ಸ್ಪೇಸ್ ಇರುವ ಹೆಸರೊಂದು ಇದ್ದೇ ಇರುತ್ತದೆ, ಅಲ್ಲಿಗೆ ಬಂದು ಇಡೀ ಸ್ಕ್ರಿಪ್ಟ್ ಬೀಳುತ್ತದೆ.

ಪಾರ್ಟಿಷನ್, ಅಂದರೆ ಒಂದು ದೊಡ್ಡ ಟೇಬಲ್ ಅನ್ನು ಹಲವು ಮಕ್ಕಳ ಟೇಬಲ್‌ಗಳಾಗಿ ಒಡೆದಿಟ್ಟದ್ದು, ಇದ್ದರೆ ಇನ್ನೊಂದು ಎಚ್ಚರ. ತಾಯಿ ಟೇಬಲ್‌ಗೆ ಕೌಂಟ್ ಹಾಕಿದರೆ ಮಕ್ಕಳದ್ದೆಲ್ಲ ಸೇರಿ ಬರುತ್ತದೆ. ಮಕ್ಕಳನ್ನೂ ಪಟ್ಟಿಯಲ್ಲಿ ಇಟ್ಟು ಎಣಿಸಿದರೆ ಒಟ್ಟು ಎರಡರಷ್ಟು. ಕ್ಯಾಟಲಾಗ್ ಅಂದಾಜಿನಲ್ಲಿ ತಿರುವುಮುರುವು: ತಾನಾಗಿಯೇ ಓಡುವ ಆಟೋವ್ಯಾಕ್ಯೂಮ್ ತಾಯಿ ಟೇಬಲ್ ಅನ್ನು ಅನಲೈಜ್ ಮಾಡುವುದಿಲ್ಲ, ಹಾಗಾಗಿ ಅಲ್ಲಿ ಸೊನ್ನೆಯೋ ‑1ಓ ಇರುತ್ತದೆ, ನಿಜವಾದ ಸಂಖ್ಯೆ ಮಕ್ಕಳಲ್ಲಿರುತ್ತದೆ.

ಎಣಿಸುವಾಗ ಬರಹ ನಿಲ್ಲುತ್ತದೆಯೇ ಎಂದು ಕೇಳುತ್ತಾರೆ. ನಿಲ್ಲುವುದಿಲ್ಲ. ಕೌಂಟ್(*) ಹಿಡಿಯುವ ಲಾಕ್ ತೀರಾ ಹಗುರ. ಆದರೆ ಅದೇ ಹೊತ್ತಿಗೆ ಯಾರಾದರೂ ಟೇಬಲ್‌ನ ರಚನೆ ಬದಲಿಸುವ ಆಲ್ಟರ್ ಟೇಬಲ್ ಓಡಿಸಿದರೆ ಅದು ನಿಮ್ಮ ಎಣಿಕೆ ಮುಗಿಯಲಿ ಎಂದು ಕಾಯುತ್ತದೆ. ಅದರ ಹಿಂದೆ ಬಂದ ಮಾಮೂಲಿ ಸೆಲೆಕ್ಟ್, ಇನ್ಸರ್ಟ್‌ಗಳೂ ಅದರ ಬೆನ್ನಿಗೆ ಸಾಲುಗಟ್ಟಿ ನಿಲ್ಲುತ್ತವೆ. ಹೊರಗಿನಿಂದ ನೋಡುವವರಿಗೆ ಆ್ಯಪ್ ನಿಂತೇಹೋಯಿತು. ಡಿಪ್ಲಾಯ್‌ಮೆಂಟ್ ನಡೆಯುವ ಹೊತ್ತಿನಲ್ಲಿ ದೊಡ್ಡ ಟೇಬಲ್ ಎಣಿಸಲು ಕೂರಬೇಡಿ. ರೆಪ್ಲಿಕಾದಲ್ಲಿ ಎಣಿಸಿದರೂ ಇನ್ನೊಂದು ತೊಡಕು: ಪ್ರೈಮರಿಯಲ್ಲಿ ವ್ಯಾಕ್ಯೂಮ್ ತೆಗೆದ ಸಾಲುಗಳು ನಿಮ್ಮ ಎಣಿಕೆಗೆ ಬೇಕಿದ್ದರೆ, ರೆಪ್ಲಿಕಾ ಸ್ವಲ್ಪ ಕಾದು ನಿಮ್ಮ ಕ್ವೆರಿಯನ್ನೇ ರದ್ದು ಮಾಡುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಆ ಕಾಯುವಿಕೆ 30 ಸೆಕೆಂಡ್.

ಎರಡೂ ಬೆರೆಸಿದರೆ ಚೆನ್ನ

ಎಲ್ಲ ಟೇಬಲ್‌ಗೂ ಒಂದೇ ವಿಧಾನ ಹಾಕಲೇಬೇಕು ಅಂತೇನಿಲ್ಲ. ಯಾವ ಡೇಟಾಬೇಸ್ ನೋಡಿದರೂ ಹೆಚ್ಚಿನ ಟೇಬಲ್‌ಗಳು ಚಿಕ್ಕವೇ: ಜಿಲ್ಲೆಗಳ ಪಟ್ಟಿ, ಬಳಕೆದಾರರ ಪಾತ್ರಗಳು, ಸೆಟ್ಟಿಂಗ್‌ಗಳು. ಭಾರ ಇರುವುದು ಬೆರಳೆಣಿಕೆಯ ಟೇಬಲ್‌ಗಳಲ್ಲಿ. ಹಾಗಾಗಿ ಮೊದಲು ಫೈಲ್ ಗಾತ್ರ ನೋಡಿ. ಒಂದು ಮಿತಿಗಿಂತ ಚಿಕ್ಕದಾದ ಎಲ್ಲದಕ್ಕೂ ನಿಜವಾದ ಕೌಂಟ್ ಹಾಕಿ, ಅದಕ್ಕಿಂತ ದೊಡ್ಡವಕ್ಕೆ ಅಂದಾಜು ಇಟ್ಟುಕೊಳ್ಳಿ. ಅಂದಾಜು ತಪ್ಪಾದರೆ ಎದ್ದು ಕಾಣುವುದು ಚಿಕ್ಕ ಟೇಬಲ್‌ಗಳಲ್ಲೇ, ಅಲ್ವಾ? ಮೂವತ್ತೊಂದು ಜಿಲ್ಲೆಗಳ ಟೇಬಲ್‌ನಲ್ಲಿ ಸೊನ್ನೆ ಎಂದು ವರದಿ ಕೊಟ್ಟರೆ ಓದುವವರು ಉಳಿದ ಸಂಖ್ಯೆಗಳನ್ನೂ ನಂಬುವುದಿಲ್ಲ. ಮಿತಿಯನ್ನು ಸಾಲಿನ ಅಂದಾಜಿನ ಮೇಲೆ ಇಡಬೇಡಿ, ಫೈಲ್ ಗಾತ್ರದ ಮೇಲೆ ಇಡಿ. ಸಾಲಿನ ಅಂದಾಜೇ ತಪ್ಪಾಗಿದ್ದರೆ ದೊಡ್ಡ ಟೇಬಲ್ ಚಿಕ್ಕದರ ಸಾಲಿಗೆ ಸೇರಿಬಿಡುತ್ತದೆ. ಫೈಲ್ ಗಾತ್ರ ದೊಡ್ಡ ಟೇಬಲ್ ಅನ್ನು ಚಿಕ್ಕದೆಂದು ತೋರಿಸುವುದಿಲ್ಲ.

ವರದಿಯಲ್ಲಿ ಪ್ರತಿ ಸಂಖ್ಯೆಯ ಪಕ್ಕ ಅದು ಪಕ್ಕಾನೋ ಅಂದಾಜೋ ಎಂದು ಬರೆಯಿರಿ. ಅಂದಾಜಾದರೆ ಕೊನೆಯ ಅಂಕಿಯವರೆಗೆ ತೋರಿಸಬೇಡಿ. 4,12,87,653 ಎಂದು ಬರೆದರೆ ಓದುವವರು ಅದನ್ನು ಎಣಿಸಿದ್ದೆಂದೇ ತಿಳಿಯುತ್ತಾರೆ. "ಸುಮಾರು 4.1 ಕೋಟಿ" ಎಂದರೆ ಯಾರಿಗೂ ತಪ್ಪು ತಿಳಿವಳಿಕೆ ಆಗದು.

ಮೈಎಸ್‌ಕ್ಯೂಎಲ್

ಹಳಬರಿಗೆ ನೆನಪಿರುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ ಕೌಂಟ್(*) ಒಂದು ಕಾಲದಲ್ಲಿ ಎಷ್ಟೇ ದೊಡ್ಡ ಟೇಬಲ್‌ಗೂ ಥಟ್ಟಂತ ಬರುತ್ತಿತ್ತು. ಆಗ ಡೇಟಾ ಸಂಗ್ರಹಕ್ಕೆ ಮೈಐಎಸ್‌ಎಎಮ್ ಎಂಜಿನ್ ಇತ್ತು, ಅದು ಸಾಲುಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತಿತ್ತು. 5.5ನೇ ಆವೃತ್ತಿಯಿಂದ ಇನೊಡಿಬಿ ಮಾಮೂಲಿ ಎಂಜಿನ್ ಆಯಿತು. ಟ್ರಾನ್ಸಾಕ್ಷನ್ ಬಂತು, ಆ ಸುಖ ಹೋಯಿತು. ಕಾರಣ ಪೋಸ್ಟ್‌ಗ್ರೆಸ್‌ನದ್ದೇ: ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ.

ಎಲ್ಲ ಟೇಬಲ್‌ಗಳ ಅಂದಾಜು ಇನ್ಫರ್ಮೇಶನ್_ಸ್ಕೀಮಾದ ಟೇಬಲ್ಸ್ ಎಂಬ ವ್ಯೂನಲ್ಲಿ, ಟೇಬಲ್_ರೋಸ್ ಕಾಲಂನಲ್ಲಿ ಸಿಗುತ್ತದೆ. ಬರೆಯಲು ಇದಕ್ಕಿಂತ ಸುಲಭದ ಕ್ವೆರಿ ಇಲ್ಲ. ಆದರೆ ಇನೊಡಿಬಿ ಟೇಬಲ್‌ಗಳಲ್ಲಿ ಈ ಸಂಖ್ಯೆ ನಿಜಕ್ಕಿಂತ 40ರಿಂದ 50 ಶೇಕಡದಷ್ಟು ಆಚೀಚೆ ಇರಬಹುದು ಎಂದು ಮೈಎಸ್‌ಕ್ಯೂಎಲ್‌ನ ಅಧಿಕೃತ ಕೈಪಿಡಿಯೇ ಹೇಳುತ್ತದೆ. ಇಲ್ಲಿ ಮಾದರಿಗೆ ತೆಗೆದುಕೊಳ್ಳುವುದು ಮಾಮೂಲಿಯಾಗಿ 20 ಇಂಡೆಕ್ಸ್ ಪೇಜ್‌ಗಳು ಮಾತ್ರ. ಏನೂ ಬದಲಾಗದ ಟೇಬಲ್‌ಗೆ ಎರಡು ಸಲ ಅನಲೈಜ್ ಟೇಬಲ್ ಓಡಿಸಿ ನೋಡಿ, ಎರಡು ಬೇರೆ ಸಂಖ್ಯೆ ಬಂದರೆ ಆಶ್ಚರ್ಯವಿಲ್ಲ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಕೆಲವು ಟೇಬಲ್‌ಗಳ ಸಂಖ್ಯೆಯ ಹಿಂದೆ ಒಂದು ಅಲೆಯ ಗುರುತು ಕಾಣುತ್ತದಲ್ಲ, ಅದರ ಅರ್ಥ ಇದೇ, ಇದು ಅಂದಾಜು.

8.0ರಲ್ಲಿ ಇನ್ನೊಂದು ಪದರ ಸೇರಿತು. ಈ ಅಂದಾಜನ್ನೇ ಸರ್ವರ್ ಒಂದು ದಿನ, ಅಂದರೆ 86,400 ಸೆಕೆಂಡ್, ಜೋಪಾನವಾಗಿ ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಬೆಳಿಗ್ಗೆ ಹತ್ತು ಲಕ್ಷ ಸಾಲು ತುಂಬಿ, ಮಧ್ಯಾಹ್ನ ಇಲ್ಲಿ ನೋಡಿದರೆ ಹಳೇ ಸಂಖ್ಯೆಯೇ ಇರಬಹುದು. ನಿಮ್ಮ ಸೆಷನ್‌ನಲ್ಲಿ ಇನ್ಫರ್ಮೇಶನ್_ಸ್ಕೀಮಾ_ಸ್ಟ್ಯಾಟ್ಸ್_ಎಕ್ಸ್‌ಪೈರಿ ಅನ್ನು ಸೊನ್ನೆ ಮಾಡಿಕೊಂಡು ಆಮೇಲೆ ಕ್ವೆರಿ ಓಡಿಸಿ. ಆಗ ಕನಿಷ್ಠ ತಾಜಾ ಅಂದಾಜಾದರೂ ಸಿಗುತ್ತದೆ. ಪೋಸ್ಟ್‌ಗ್ರೆಸ್‌ನ ಅಂದಾಜಿನ ಮೇಲೆ ನನಗಿರುವಷ್ಟು ಭರವಸೆ ಇದರ ಮೇಲಿಲ್ಲ. ಯಾವ ಟೇಬಲ್ ದೊಡ್ಡದು, ಯಾವುದು ಚಿಕ್ಕದು ಎಂಬ ಅನುಕ್ರಮಕ್ಕೆ ಪರವಾಗಿಲ್ಲ, ಅದಕ್ಕಿಂತ ಮುಂದೆ ಹೋಗಬೇಡಿ.

ಪಕ್ಕಾ ಲೆಕ್ಕಕ್ಕೆ ಎಲ್ಲರೂ ಬಳಸುವ ಉಪಾಯ ಒಂದಿದೆ. ಇನ್ಫರ್ಮೇಶನ್_ಸ್ಕೀಮಾದಿಂದ ಟೇಬಲ್ ಹೆಸರುಗಳನ್ನು ತೆಗೆದು, ಪ್ರತಿಯೊಂದಕ್ಕೂ ಒಂದು ಕೌಂಟ್ ಕ್ವೆರಿ ಕಟ್ಟಿ, ನಡುವೆ ಯೂನಿಯನ್ ಆಲ್ ಹಾಕಿ, ಗ್ರೂಪ್_ಕಾನ್‌ಕ್ಯಾಟ್‌ನಿಂದ ಎಲ್ಲವನ್ನೂ ಒಂದೇ ಉದ್ದನೆಯ ಕ್ವೆರಿ ಮಾಡಿ ಓಡಿಸುವುದು. ಉಪಾಯ ಚೆನ್ನಾಗಿದೆ, ಆದರೆ ಒಂದು ಗುಂಡಿ ಇದೆ. ಗ್ರೂಪ್_ಕಾನ್‌ಕ್ಯಾಟ್ ಮಾಮೂಲಿಯಾಗಿ 1,024 ಬೈಟ್‌ಗೆ ನಿಲ್ಲುತ್ತದೆ. ಒಂದು ಟೇಬಲ್‌ನ ತುಂಡಿಗೆ ಐವತ್ತು ಅರವತ್ತು ಅಕ್ಷರ ಬೇಕಾದರೆ ಇಪ್ಪತ್ತು ಟೇಬಲ್ ದಾಟುವ ಹೊತ್ತಿಗೆ ಕ್ವೆರಿ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಬರುವುದು ಒಂದು ವಾರ್ನಿಂಗ್ ಅಷ್ಟೇ. ಕತ್ತರಿಸಿದ ಜಾಗದಲ್ಲಿ ಸಿಂಟ್ಯಾಕ್ಸ್ ಕೆಟ್ಟು ಎರರ್ ಬಂದರೆ ಪುಣ್ಯ, ಗೊತ್ತಾಗುತ್ತದೆ. ಹೆಸರಿನ ಕೊನೆಗೆ ಸರಿಯಾಗಿ ತುಂಡಾದರೆ ಕ್ವೆರಿ ಸದ್ದಿಲ್ಲದೆ ಓಡಿ, ಉಳಿದ ಟೇಬಲ್‌ಗಳನ್ನು ಬಿಟ್ಟು ಉತ್ತರ ಕೊಡುತ್ತದೆ. ಗ್ರೂಪ್_ಕಾನ್‌ಕ್ಯಾಟ್_ಮ್ಯಾಕ್ಸ್_ಲೆನ್ ಅನ್ನು ಹತ್ತು ಲಕ್ಷಕ್ಕೋ ಏನೋ ಏರಿಸಿಕೊಂಡೇ ಶುರು ಮಾಡಿ. ಕೊನೆಗೆ, ಪಟ್ಟಿಯಲ್ಲಿರುವ ಟೇಬಲ್ ಎಷ್ಟು, ಉತ್ತರದಲ್ಲಿ ಬಂದವು ಎಷ್ಟು ಎಂದು ತಾಳೆ ನೋಡಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಮೈಎಸ್‌ಕ್ಯೂಎಲ್‌ಶೋ ಎಂಬ ಕಮಾಂಡ್ ಇದೆ. ಡೇಟಾಬೇಸ್ ಹೆಸರಿನ ಜೊತೆ ‑‑ಕೌಂಟ್ ಆಯ್ಕೆ ಕೊಟ್ಟರೆ ಪ್ರತಿ ಟೇಬಲ್‌ನ ಸಾಲು ಎಣಿಸಿ ಅಚ್ಚುಕಟ್ಟಾಗಿ ಪಟ್ಟಿ ಮಾಡುತ್ತದೆ. ಮೈಎಸ್‌ಕ್ಯೂಎಲ್ ಕ್ಲೈಂಟ್ ಜೊತೆಗೇ ಬರುತ್ತದೆ. ಇಷ್ಟು ಉಪಯೋಗದ ಸಾಧನ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಕೌಂಟ್(1) ಹಾಕಿದರೆ ಬೇಗ ಆಗುತ್ತದೆ ಎಂಬ ಮಾತು ಇಂಟರ್‌ವ್ಯೂಗಳಲ್ಲಿ ಈಗಲೂ ಓಡಾಡುತ್ತದೆ. ಇನೊಡಿಬಿಯಲ್ಲಿ ಎರಡಕ್ಕೂ ಒಂದೇ ಕೆಲಸ, ಒಂದೇ ವೇಗ. ಕೌಂಟ್ ಒಳಗೆ ಕಾಲಂ ಹೆಸರು ಕೊಟ್ಟರೆ ಮಾತ್ರ ವ್ಯತ್ಯಾಸ, ಆ ಕಾಲಂನಲ್ಲಿ ನಲ್ (ಬೆಲೆಯೇ ಇಲ್ಲ) ಇರುವ ಸಾಲುಗಳು ಲೆಕ್ಕಕ್ಕೆ ಬರುವುದಿಲ್ಲ.

ಎಸ್‌ಕ್ಯೂಎಲ್ ಸರ್ವರ್

ಇಲ್ಲಿ ಕೆಲಸ ಸಲೀಸು. ಸಾಲುಗಳ ಲೆಕ್ಕ ಒಳಗೇ ಇರುತ್ತದೆ, ಮಾದರಿ ನೋಡಿ ಊಹಿಸಿದ್ದಲ್ಲ. ಸಿಸ್.ಪಾರ್ಟಿಷನ್ಸ್‌ನ ರೋಸ್ ಕಾಲಂ ಅಥವಾ ಸಿಸ್.ಡಿಎಮ್_ಡಿಬಿ_ಪಾರ್ಟಿಷನ್_ಸ್ಟ್ಯಾಟ್ಸ್‌ನ ರೋ_ಕೌಂಟ್ ನೋಡಿದರೆ ಎಲ್ಲ ಟೇಬಲ್‌ಗಳ ಸಂಖ್ಯೆ ಸೆಕೆಂಡಿನೊಳಗೆ ಬರುತ್ತದೆ. ಮೈಕ್ರೋಸಾಫ್ಟ್ ಇದನ್ನು ಅಂದಾಜು ಎಂದೇ ಕರೆಯುತ್ತದೆ, ಆದರೆ ಇದು ಹೆಚ್ಚಾಗಿ ನಿಜಕ್ಕೆ ತೀರಾ ಹತ್ತಿರ. ಎರಡರಲ್ಲಿ ಮೊದಲನೆಯದನ್ನೇ ಆರಿಸಿ. ಎರಡನೆಯದಕ್ಕೆ ಡೇಟಾಬೇಸ್ ಸ್ಥಿತಿ ನೋಡುವ ವಿಶೇಷ ಅನುಮತಿ ಬೇಕಾಗುತ್ತದೆ, ಅದು ಎಲ್ಲರಿಗೂ ಇರುವುದಿಲ್ಲ.

ಜನ ಎಡವುವುದು ಒಂದೇ ಕಡೆ. ಒಂದು ಟೇಬಲ್‌ಗೆ ಮೂರು ಇಂಡೆಕ್ಸ್ ಇದ್ದರೆ ಈ ವ್ಯೂನಲ್ಲಿ ಮೂರಕ್ಕೂ ಸಾಲು ಇರುತ್ತದೆ. ಎಲ್ಲ ಕೂಡಿಸಿದರೆ ಹತ್ತು ಲಕ್ಷ ಇದ್ದದ್ದು ಮೂವತ್ತು ಲಕ್ಷ ಆಗುತ್ತದೆ. ಇಂಡೆಕ್ಸ್_ಐಡಿ ಸೊನ್ನೆ ಅಥವಾ ಒಂದು ಇರುವುದನ್ನು ಮಾತ್ರ ತೆಗೆದುಕೊಳ್ಳಿ. ಸೊನ್ನೆ ಎಂದರೆ ಹೀಪ್ (ಕ್ರಮವಿಲ್ಲದೆ ಇಟ್ಟ ಸಾಲುಗಳು), ಒಂದು ಎಂದರೆ ಕ್ಲಸ್ಟರ್ಡ್ ಇಂಡೆಕ್ಸ್ (ಇಂಡೆಕ್ಸ್‌ನೊಳಗೇ ಇಟ್ಟ ಸಾಲುಗಳು). ಯಾವ ಟೇಬಲ್‌ಗೂ ಇವೆರಡರಲ್ಲಿ ಒಂದೇ ಇರುತ್ತದೆ. ಪಾರ್ಟಿಷನ್ ಇದ್ದರೆ ಅವುಗಳನ್ನು ಕೂಡಿಸಬೇಕು.

ನಿಜವಾದ ಎಣಿಕೆಗೆ ಎಸ್‌ಪಿ_ಎಮ್‌ಎಸ್‌ಫಾರ್‌ಈಚ್‌ಟೇಬಲ್ ಎಂಬ ಪ್ರೊಸೀಜರ್ ಬಳಸುವವರು ಬಹಳ. ಒಂದೇ ಸಾಲಿನಲ್ಲಿ ಎಲ್ಲ ಟೇಬಲ್ ಮುಗಿಯುತ್ತದೆ. ಆದರೆ ಮೈಕ್ರೋಸಾಫ್ಟ್ ಅದನ್ನು ದಾಖಲಿಸಿಲ್ಲ, ಮುಂದೆ ಇರುತ್ತದೆ ಎಂಬ ಭರವಸೆ ಇಲ್ಲ. ಕೈಯಲ್ಲಿ ನೋಡಲು ಸರಿ, ಪ್ರತಿ ರಾತ್ರಿ ಓಡುವ ಜಾಬ್‌ನಲ್ಲಿ ಬೇಡ. ಲಾಕ್ ಬೇಡವೆಂದು ನೋಲಾಕ್ ಹಾಕಿ ಎಣಿಸುವುದಂತೂ ಬೇಡವೇ ಬೇಡ. ಎಣಿಸುತ್ತಿರುವಾಗ ಪೇಜ್ ಒಡೆದು ಸಾಲುಗಳು ಜಾಗ ಬದಲಿಸಿದರೆ ಕೆಲವು ಎರಡು ಸಲ ಬರುತ್ತವೆ, ಕೆಲವು ಬರುವುದೇ ಇಲ್ಲ. ಅಷ್ಟು ಹೊತ್ತು ಕಾದು ಪಡೆದ ಸಂಖ್ಯೆ ಕ್ಯಾಟಲಾಗ್‌ನ ಸಂಖ್ಯೆಗಿಂತ ಕಳಪೆ ಆಗಬಹುದು. ಟೇಬಲ್ 214 ಕೋಟಿ ಸಾಲು ದಾಟಿದ್ದರೆ ಕೌಂಟ್ ಬದಲು ಕೌಂಟ್_ಬಿಗ್ ಬಳಸಿ, ಇಲ್ಲವಾದರೆ ಓವರ್‌ಫ್ಲೋ ಎರರ್ ಬರುತ್ತದೆ.

ಒರಾಕಲ್, ಎಸ್‌ಕ್ಯೂಎಲ್‌ಲೈಟ್

ಒರಾಕಲ್‌ನಲ್ಲಿ ಯೂಸರ್_ಟೇಬಲ್ಸ್‌ನ ನಮ್_ರೋಸ್ ನೋಡುವವರು ಪಕ್ಕದ ಲಾಸ್ಟ್_ಅನಲೈಜ್ಡ್ ಕಾಲಂ ಅನ್ನೂ ತಪ್ಪದೆ ತೆಗೆಯಿರಿ. ಆ ದಿನಾಂಕವಿಲ್ಲದೆ ಸಂಖ್ಯೆಗೆ ಬೆಲೆಯಿಲ್ಲ. ಟೇಬಲ್‌ನ ಹತ್ತನೇ ಒಂದು ಭಾಗ ಬದಲಾದ ಮೇಲೆ ರಾತ್ರಿ ಓಡುವ ಜಾಬ್ ಅದನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಹಳೆಯ ದಿನಾಂಕ ಕಂಡರೆ ಗಾಬರಿ ಬೇಡ, ಟೇಬಲ್ ಹೆಚ್ಚು ಬದಲಾಗಿಲ್ಲ ಎಂದಷ್ಟೇ ಅರ್ಥ ಇರಬಹುದು. ಪಕ್ಕಾ ಲೆಕ್ಕಕ್ಕೆ ಡಿಬಿಎಮ್‌ಎಸ್_ಎಕ್ಸ್‌ಎಮ್‌ಎಲ್‌ಜೆನ್ ಪ್ಯಾಕೇಜ್ ಇಟ್ಟುಕೊಂಡು ಪೋಸ್ಟ್‌ಗ್ರೆಸ್‌ನ ಎಕ್ಸ್‌ಎಮ್‌ಎಲ್ ಉಪಾಯವನ್ನೇ ಇಲ್ಲೂ ಮಾಡಬಹುದು.

ಎಸ್‌ಕ್ಯೂಎಲ್‌ಲೈಟ್‌ನಲ್ಲಿ ಅನಲೈಜ್ ಓಡಿಸದ ಹೊರತು ಬರೆದಿಟ್ಟ ಸಂಖ್ಯೆ ಇರುವುದಿಲ್ಲ. ಎಸ್‌ಕ್ಯೂಎಲ್‌ಲೈಟ್_ಮಾಸ್ಟರ್‌ನಿಂದ ಹೆಸರು ತೆಗೆದು ಒಂದೊಂದಾಗಿ ಎಣಿಸಿ. ಫೈಲ್ ಸಾಮಾನ್ಯವಾಗಿ ಚಿಕ್ಕದು, ಅಂದಾಜಿನ ತಲೆನೋವು ಬೇಕಿಲ್ಲ.

ಸಾಗಣೆಯ ದಿನ

ಪಕ್ಕಾ ಲೆಕ್ಕ ಬೇಕೇ ಬೇಕಾದ ಸಂದರ್ಭ ಇದು. ಒಂದೊಂದು ಟೇಬಲ್‌ನ ಸಂಖ್ಯೆ ಸರಿಯಿದ್ದರೆ ಸಾಲದು, ಎಲ್ಲ ಟೇಬಲ್‌ಗಳ ಸಂಖ್ಯೆಯೂ ಒಂದೇ ಕ್ಷಣದ್ದಾಗಿರಬೇಕು. ಆರ್ಡರ್ ಟೇಬಲ್ ಹತ್ತು ಗಂಟೆಗೆ ಎಣಿಸಿ, ಪೇಮೆಂಟ್ ಟೇಬಲ್ ಹತ್ತೂವರೆಗೆ ಎಣಿಸಿದರೆ ಎರಡೂ ಸರಿಯಾಗಿದ್ದರೂ ಪರಸ್ಪರ ಹೊಂದುವುದಿಲ್ಲ. ಆ್ಯಪ್ ನಿಲ್ಲಿಸಿ ಬರಹ ಬಂದ್ ಮಾಡಲು ಆಗುವುದಾದರೆ ಅದೇ ಉತ್ತಮ. ಆಗದಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ರಿಪೀಟಬಲ್ ರೀಡ್ ಟ್ರಾನ್ಸಾಕ್ಷನ್ ಶುರು ಮಾಡಿ ಅದರೊಳಗೆ ಎಲ್ಲವನ್ನೂ ಎಣಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ಸ್ಟಾರ್ಟ್ ಟ್ರಾನ್ಸಾಕ್ಷನ್ ವಿತ್ ಕನ್ಸಿಸ್ಟೆಂಟ್ ಸ್ನ್ಯಾಪ್‌ಶಾಟ್ ಇದೆ. ಒರಾಕಲ್‌ನಲ್ಲಿ ಸೆಟ್ ಟ್ರಾನ್ಸಾಕ್ಷನ್ ರೀಡ್ ಓನ್ಲಿ. ಮೊದಲೆರಡರಲ್ಲಿ ಟ್ರಾನ್ಸಾಕ್ಷನ್ ಗಂಟೆಗಟ್ಟಲೆ ತೆರೆದಿಟ್ಟರೆ ಹಳೇ ಸಾಲುಗಳ ಕಸ ಗುಡಿಸುವ ಕೆಲಸಕ್ಕೆ ಅಡ್ಡಿಯಾಗುತ್ತದೆ. ಒರಾಕಲ್‌ನಲ್ಲಿ ಅದರ ಬದಲು ಸ್ನ್ಯಾಪ್‌ಶಾಟ್ ತೀರಾ ಹಳತಾಯಿತು ಎಂದು ಎಣಿಕೆ ನಡುವೆಯೇ ನಿಲ್ಲಬಹುದು.

ಎಣಿಸುವ ಯೂಸರ್ ಯಾರು ಎಂಬುದನ್ನೂ ನೋಡಿ. ಇನ್ಫರ್ಮೇಶನ್_ಸ್ಕೀಮಾ ನಿಮಗೆ ಅನುಮತಿ ಇರುವ ಟೇಬಲ್‌ಗಳನ್ನು ಮಾತ್ರ ತೋರಿಸುತ್ತದೆ, ಉಳಿದವು ಇವೆ ಎಂದೂ ಹೇಳುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸಾಲು ಮಟ್ಟದ ಪಾಲಿಸಿ ಹಾಕಿದ್ದರೆ ಕೌಂಟ್(*) ಕೂಡ ನಿಮಗೆ ಕಾಣುವ ಸಾಲುಗಳನ್ನಷ್ಟೇ ಎಣಿಸುತ್ತದೆ. ಎರಡೂ ಕಡೆ ಸಂಖ್ಯೆ ಹೊಂದಿ, ಎರಡೂ ಕಡೆ ಒಂದೇ ಟೇಬಲ್ ಬಿಟ್ಟುಹೋಗಿರಬಹುದು. ಪಟ್ಟಿಗೆ ವ್ಯೂಗಳು ಸೇರಿಕೊಳ್ಳದಂತೆಯೂ ನೋಡಿಕೊಳ್ಳಿ. ಬೇಸ್ ಟೇಬಲ್ ಎಂದಿರುವುದನ್ನು ಮಾತ್ರ ಆರಿಸಿ.

ಇನ್ನು, ಸಂಖ್ಯೆ ಹೊಂದಿದರೆ ಡೇಟಾ ಹೊಂದಿತು ಎಂದಲ್ಲ. ಕನ್ನಡದಲ್ಲಿ ಡೇಟಾ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಹಳೇ ಮೈಎಸ್‌ಕ್ಯೂಎಲ್‌ನಿಂದ ಡೇಟಾ ತೆಗೆಯುವಾಗ ಕನೆಕ್ಷನ್‌ನ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಆಗಿದ್ದರೆ ಊರಿನ ಹೆಸರು, ಜನರ ಹೆಸರು ಎಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬರುತ್ತವೆ. ಸಾಲಿನ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ. ಕ್ಯಾರೆಕ್ಟರ್‌ಗಳ ಉದ್ದ ಕೂಡಿಸಿ ನೋಡಿದರೂ ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ಒಂದು ಕ್ಯಾರೆಕ್ಟರ್ ಜಾಗಕ್ಕೆ ಒಂದು ಚಿಹ್ನೆ ಬಂದಿರುತ್ತದೆ. ಬೈಟ್‌ಗಳಲ್ಲಿ ಅಳೆದರೆ ಮಾತ್ರ ಬಯಲಾಗುತ್ತದೆ. ಯುಟಿಎಫ್‑8ನಲ್ಲಿ ಕನ್ನಡದ ಪ್ರತಿ ಕ್ಯಾರೆಕ್ಟರ್‌ಗೆ, ಅದು ವ್ಯಂಜನವಾಗಲಿ, ಒತ್ತಿಗೆ ಬಳಸುವ ವಿರಾಮವಾಗಲಿ, ಸ್ವರದ ಗುರುತಾಗಲಿ, 3 ಬೈಟ್. ಪ್ರಶ್ನಾರ್ಥಕ ಚಿಹ್ನೆಗೆ 1 ಬೈಟ್. ಹಳೇ ಕಡೆ ಲೆಂತ್, ಹೊಸ ಪೋಸ್ಟ್‌ಗ್ರೆಸ್ ಕಡೆ ಆಕ್ಟೆಟ್_ಲೆಂತ್ ಕೂಡಿಸಿ ತಾಳೆ ಹಾಕಿ. ಕನ್ನಡ ಹೋಗಿದ್ದರೆ ಮೊತ್ತ ಮೂರನೇ ಒಂದಕ್ಕೆ ಇಳಿದಿರುತ್ತದೆ. ಮೈಎಸ್‌ಕ್ಯೂಎಲ್‌ನ ಲೆಂತ್ ಬೈಟ್ ಎಣಿಸುತ್ತದೆ, ಪೋಸ್ಟ್‌ಗ್ರೆಸ್‌ನ ಲೆಂತ್ ಕ್ಯಾರೆಕ್ಟರ್ ಎಣಿಸುತ್ತದೆ. ಹೆಸರು ಒಂದೇ ಎಂದು ಎರಡೂ ಕಡೆ ಅದನ್ನೇ ಹಾಕಬೇಡಿ. ಜೊತೆಗೆ ಹಣದ ಕಾಲಂಗಳ ಮೊತ್ತ, ಅತಿ ದೊಡ್ಡ ಐಡಿ, ತಿಂಗಳುವಾರು ಕೌಂಟ್ ಇಷ್ಟನ್ನು ಎರಡೂ ಕಡೆ ಹೋಲಿಸಿ. ತಿಂಗಳುವಾರು ಎಣಿಸಿದಾಗ ಒಂದು ತಿಂಗಳಲ್ಲಿ ಕೆಲವು ಸಾಲು ಕಡಿಮೆ, ಪಕ್ಕದ ತಿಂಗಳಲ್ಲಿ ಅಷ್ಟೇ ಜಾಸ್ತಿ ಇದ್ದರೆ ಟೈಮ್‌ಝೋನ್ ನೋಡಿ. ಐದೂವರೆ ಗಂಟೆ ಎಲ್ಲೋ ಸರಿದಿರುತ್ತದೆ.

ಬೆಳವಣಿಗೆ ನೋಡುವುದಷ್ಟೇ ಗುರಿಯಾದರೆ ದಿನಕ್ಕೊಂದು ಸಲ ಅಂದಾಜುಗಳನ್ನು ಒಂದು ಟೇಬಲ್‌ಗೆ ಬರೆದಿಡುವ ಚಿಕ್ಕ ಜಾಬ್ ಹಾಕಿಬಿಡಿ. ದಿನಾಂಕ, ಸ್ಕೀಮಾ, ಟೇಬಲ್, ಸಂಖ್ಯೆ, ಬೈಟ್‌ನಲ್ಲಿ ಗಾತ್ರ, ಯಾವ ವಿಧಾನ ಎಂಬ ಆರು ಕಾಲಂ ಸಾಕು. ಸ್ಕೀಮಾ ಬಿಡಬೇಡಿ, ಒಂದೇ ಹೆಸರಿನ ಟೇಬಲ್ ಎರಡು ಸ್ಕೀಮಾದಲ್ಲಿರುವುದು ಮಾಮೂಲಿ. ಇನ್ನೂರು ಟೇಬಲ್‌ಗೆ ವರ್ಷಕ್ಕೆ 73,000 ಸಾಲು, ಯಾವ ಸರ್ವರ್‌ಗೂ ಭಾರವಲ್ಲ. ಮುಂದಿನ ಸಲ ರೋ ಕೌಂಟ್ ಕೇಳಿ ಮೆಸೇಜ್ ಬಂದಾಗ ಇಂದಿನ ಸಂಖ್ಯೆಯ ಜೊತೆ ಮೂರು ತಿಂಗಳ ಹಿಂದಿನದ್ದನ್ನೂ ಕಳಿಸಬಹುದು.